ಬಂದೂಕಿನ ನೆನಪು, ಕಂಸಾಳೆಯ ಮಾತು

ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯಿಂದ ಬರುವ ವಿದ್ಯಾರ್ಥಿಗಳಿಗೆ ತಮ್ಮ ಊರಿನ ಇತ್ತೀಚಿನ ಚರಿತ್ರೆಯನ್ನು ಹಿರಿಯರಿಂದ ಕೇಳಿ ಬರೆದು ತರುವಂತೆ ನಾನು ಹೇಳುವುದುಂಟು. ಅವರು ಗುಡಿಯ ಕತೆಯನ್ನೂ ಕೆರೆಯ ಕತೆಯನ್ನೂ ತರುತ್ತಾರೆ. 1956ರಲ್ಲಿ ಕೊಳ್ಳೇಗಾಲವು ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯನ್ನು ಬಿಟ್ಟು ಮೈಸೂರು ರಾಜ್ಯವನ್ನು ಸೇರಿದ ಸಂಗತಿಯನ್ನೂ ತರುತ್ತಾರೆ. 1990ರ ದಶಕದ ಪುಟ ಮಾತ್ರ ಬರಿದಾಗಿಯೇ ಉಳಿಯುತ್ತದೆ. ‘ಅದೊಂದ ಕೇಳ್ಬ್ಯಾಡ ಕನ ಮಗ’ ಎಂದು ಅಜ್ಜಿ ಸುಮ್ಮನಾದಳೆಂದು ಒಬ್ಬ ವಿದ್ಯಾರ್ಥಿ ಬರೆದಿದ್ದನು. ಈ ಮೌನವನ್ನು ಒಡೆಯಲು ಕಲೆಯಿಂದ ಸಾಧ್ಯವೇ, ಸಾಧ್ಯವಾದರೆ ಯಾವ ಬಗೆಯ ಕಲೆಯಿಂದ ಎಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ಸಂಗತಿಗಳನ್ನು ಸಂಗ್ರಹವಾಗಿ ಹೇಳಬೇಕು. ಗೋಪಿನಾಥಂ ಗ್ರಾಮದಲ್ಲಿ ಹುಟ್ಟಿದ ವೀರಪ್ಪನ್ ದಂತಚೋರನಾಗಿ, ಶ್ರೀಗಂಧದ ಕಳ್ಳನಾಗಿ, ಕೊನೆಗೆ ಕೊಲೆಗಡುಕನಾಗಿ ಬೆಳೆದನು. 1991ರ ನವೆಂಬರ್ 10ರಂದು, ಶರಣಾಗತಿಯ ಮಾತನ್ನು ನಂಬಿ ಹೋದ ಅರಣ್ಯಾಧಿಕಾರಿ ಪಿ. ಶ್ರೀನಿವಾಸರನ್ನು ಅವನು ಕೊಂದನು. 1992ರ ಆಗಸ್ಟ್ 14ರಂದು ಮೀಣ್ಯದ ಬಳಿ ಪೊಲೀಸ್ ಅಧೀಕ್ಷಕ ಟಿ. ಹರಿಕೃಷ್ಣ, ಸಬ್ ಇನ್ಸ್‌ಪೆಕ್ಟರ್ ಶಕೀಲ್ ಅಹಮದ್ ಮೊದಲಾದವರು ಹೊಂಚುದಾಳಿಗೆ ಬಲಿಯಾದರು. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ನೆಲಬಾಂಬು ಸಿಡಿದು 22 ಜನರು ಮಡಿದರು. 2002ರ ಆಗಸ್ಟ್ 25ರಂದು ಮಾಜಿ ಸಚಿವ ಎಚ್. ನಾಗಪ್ಪನವರು ಕಾಮಗೆರೆಯಿಂದ ಅಪಹೃತರಾದರು. ಡಿಸೆಂಬರ್ 8ರಂದು ಅವರ ಶವ ದೊರೆಯಿತು. 2004ರ ಅಕ್ಟೋಬರ್ 18ರಂದು ವೀರಪ್ಪನ್ ಹತನಾದನು.

ಆದರೆ ಕಾಡಂಚಿನ ಜನರ ಪಾಲಿಗೆ ಬಂದೂಕು ಒಂದೇ ಆಗಿರಲಿಲ್ಲ. ಅನ್ನ ಕೊಟ್ಟರೆ ಪೊಲೀಸರ ಭಯ, ಸುದ್ದಿ ಕೊಟ್ಟರೆ ವೀರಪ್ಪನ ಭಯ. ಭಯೋತ್ಪಾದನಾ ನಿಗ್ರಹದ ‘ಟಾಡಾ’ ಕಾನೂನಿನಡಿ ಬಂಧಿತರಾದವರಲ್ಲಿ ನೂರಕ್ಕೂ ಹೆಚ್ಚು ಜನ ವರ್ಷಗಟ್ಟಲೆ ಸೆರೆಯಲ್ಲಿದ್ದು, 2001ರಲ್ಲಿ ನಿರ್ದೋಷಿಗಳೆಂದು ಹೊರಬಂದರು. ವಿಶೇಷ ಕಾರ್ಯಪಡೆಯ ಮೇಲಿನ ದೂರುಗಳನ್ನು ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿಯು ವಿಚಾರಿಸಿತು. 2007ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 89 ಜನರಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರವನ್ನು ಗೊತ್ತುಪಡಿಸಿತು. ಪರಿಹಾರಕ್ಕೆ ಲೆಕ್ಕವುಂಟು. ನೆರೆಮನೆಯವನೇ ಸುದ್ದಿ ಕೊಟ್ಟನೆಂಬ ಸಂಶಯಕ್ಕೆ ಲೆಕ್ಕವಿಲ್ಲ. ಅಜ್ಜಿಯ ಮೌನದ ಬೇರು ಬಹುಶಃ ಇಲ್ಲಿಯೇ ಇದೆ.

ಈ ಕಾಲವನ್ನು ಕುರಿತು ಕಲೆ ಇದುವರೆಗೆ ಏನನ್ನು ಮಾಡಿದೆ? 1991ರಲ್ಲಿಯೇ ‘ವೀರಪ್ಪನ್’ ಎಂಬ ಕನ್ನಡ ಚಲನಚಿತ್ರ ಬಂದಿತು. 2013ರಲ್ಲಿ ‘ಅಟ್ಟಹಾಸ’ ತೆರೆಕಂಡಿತು. ಇವುಗಳಲ್ಲಿ ಬಂದೂಕು ಹಿಡಿದವನೇ ಕಥಾನಾಯಕ; ಅವನನ್ನು ಬೆನ್ನಟ್ಟಿದವನು ಪ್ರತಿನಾಯಕ; ಊರು ಹಿನ್ನೆಲೆಯ ಪರದೆ. ನಮ್ಮ ಪ್ರಾಚೀನ ವೀರಗಲ್ಲಿನ ರೀತಿಯೂ ಇದಕ್ಕಿಂತ ಬಹಳ ಬೇರೆಯಲ್ಲ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು, ಮೇಲೆ ಶಿವಸನ್ನಿಧಿ. ಸತ್ತವನ ಶೌರ್ಯಕ್ಕೆ ಅಲ್ಲಿ ಸ್ಥಳವುಂಟು, ಉಳಿದವರ ಅಳಲಿಗಿಲ್ಲ.

ಇದಕ್ಕೆ ಅಪವಾದವಾದ ಒಂದು ಸ್ಥಳ ಗೋಪಿನಾಥಂನಲ್ಲಿಯೇ ಇದೆ. ಅಲ್ಲಿಯ ಮಾರಿಯಮ್ಮನ ಗುಡಿಯನ್ನು ಕಟ್ಟಿಸಿಕೊಟ್ಟವರು ಶ್ರೀನಿವಾಸರು. ಗ್ರಾಮಸ್ಥರು ಅವರ ಭಾವಚಿತ್ರವನ್ನು ಗುಡಿಯಲ್ಲಿರಿಸಿ ಗೌರವಿಸುತ್ತ ಬಂದಿದ್ದಾರೆ. ಕೊಂದವನ ಹುಟ್ಟೂರು ಕೊಲೆಯಾದವನನ್ನು ತನ್ನವನೆಂದು ಒಪ್ಪಿಕೊಂಡಿತು. ಯಾರೂ ಭಾಷಣ ಮಾಡದೆ, ಒಂದು ಪಟವೇ ಈ ಮಾತನ್ನು ಹೇಳುತ್ತದೆ.

ಹೊರನಾಡುಗಳಲ್ಲಿಯೂ ಇಂಥ ಯತ್ನಗಳು ನಡೆದಿವೆ. ಆಂತರಿಕ ಯುದ್ಧದಿಂದ ಬಳಲಿದ ಮೊಜಾಂಬಿಕ್ ದೇಶದಲ್ಲಿ 1995ರಿಂದ ಕ್ರೈಸ್ತ ಪರಿಷತ್ತು ಆಯುಧಗಳನ್ನು ಪಡೆದು ಬದಲಿಗೆ ಹೊಲಿಗೆಯಂತ್ರ, ಸೈಕಲ್ಲು ಮೊದಲಾದುವನ್ನು ಕೊಟ್ಟಿತು. ಕಲಾವಿದರು ಆ ಆಯುಧಗಳ ತುಂಡುಗಳಿಂದ ಶಿಲ್ಪಗಳನ್ನು ರಚಿಸಿದರು. ಮೆಕ್ಸಿಕೋದ ಕುಲಿಯಾಕಾನ್ ನಗರದಲ್ಲಿ ಪೆದ್ರೊ ರೇಯೆಸ್ ಎಂಬ ಕಲಾವಿದನು, ನಾಗರಿಕರು ಒಪ್ಪಿಸಿದ 1,527 ಬಂದೂಕುಗಳನ್ನು ಕರಗಿಸಿ ಅಷ್ಟೇ ಸಲಿಕೆಗಳನ್ನು ಮಾಡಿಸಿ, ಅವುಗಳಿಂದ ಗಿಡ ನೆಡುವ ಏರ್ಪಾಡು ಮಾಡಿದನು. ಅಲ್ಲಿ ಜನರೇ ತಂದು, ಜನರೇ ನೆಟ್ಟುದರಿಂದ ಮಾತು ಹುಟ್ಟಿತು.

ನಮ್ಮಲ್ಲಿ ಜನರೇ ಸೇರಿ ನಡೆಸುವ ಕಲೆ ಯಾವುದು? ಮಾದಪ್ಪನ ಒಕ್ಕಲಾದ ಈ ಸೀಮೆಯಲ್ಲಿ ಅದಕ್ಕೆ ಉತ್ತರ ಕಂಸಾಳೆ. ದೇವರಗುಡ್ಡರು ಕಂಚಿನ ತಾಳಗಳನ್ನು ಹಿಡಿದು, ದಮ್ಮಡಿಯ ಜೊತೆಯಲ್ಲಿ, ಮಾದೇಶ್ವರನ ಕತೆಯನ್ನು ಸಾಲುಸಾಲಾಗಿ ಇರುಳೆಲ್ಲ ಹಾಡುತ್ತಾರೆ. ಡಾ. ಪಿ.ಕೆ. ರಾಜಶೇಖರರು ಈ ಮಹಾಕಾವ್ಯವನ್ನು ಸಂಗ್ರಹಿಸಿ ಪ್ರಕಟಿಸಿದ್ದಾರೆ. ಮುಮ್ಮೇಳದವನು ಹಾಡಿ, ನಿಲ್ಲಿಸಿ, ಮಾತಿನಲ್ಲಿ ಬಿಡಿಸಿ ಹೇಳುತ್ತಾನೆ. ಹಿಮ್ಮೇಳದವರು ಸೊಲ್ಲನ್ನು ಎತ್ತಿಕೊಳ್ಳುತ್ತಾರೆ, ಹೂಂಗುಟ್ಟುತ್ತಾರೆ. ಹಾಡಿನೊಳಗೇ ಸಂವಾದಕ್ಕೆ ಎಡೆಯಿದೆಯೆಂಬುದು ಇದರಿಂದ ವಿದಿತವಾಗುತ್ತದೆ.

ಅದಕ್ಕಿಂತ ಮುಖ್ಯವಾದುದು ಸಂಕಮ್ಮನ ಸಾಲು. ಕಾಡಿಗೆ ಹೊರಟ ನೀಲೇಗೌಡನು ಹೆಂಡತಿಯ ಶೀಲವನ್ನು ಶಂಕಿಸಿ, ಬಲಗೈ ಭಾಷೆ ಕೊಡೆಂದು ಪೀಡಿಸುತ್ತಾನೆ. ಇಲ್ಲಿ ಕತೆ ಹಿಂಸೆ ಕೊಟ್ಟವನ ಹಿಂದೆ ಕಾಡಿಗೆ ಓಡುವುದಿಲ್ಲ. ಹಿಂಸೆ ಉಂಡವಳ ಬಳಿ ನಿಲ್ಲುತ್ತದೆ. ಅವಳ ದುಃಖವನ್ನು ಊರೇ ಕುಳಿತು ಕೇಳುತ್ತದೆ. ಸಂಶಯಕ್ಕೆ ಸಿಕ್ಕಿ ನೊಂದವರ ಮಾತಿಗೆ ನಮ್ಮ ಜನಪದವು ಇಂಥ ದೀರ್ಘವಾದ ಅವಕಾಶವನ್ನು ಹಿಂದೆಯೇ ಮಾಡಿಕೊಟ್ಟಿದೆ. ಚಲನಚಿತ್ರ ಕೊಡದಿದ್ದುದೂ ಇದೇ.

ಆದುದರಿಂದ ನನ್ನ ಸೂಚನೆ ಇಷ್ಟು. ಹೊಸ ಪವಾಡವನ್ನು ಕಟ್ಟುವುದು ಬೇಡ. ಊರಿನಲ್ಲಿ ಸಂಕಮ್ಮನ ಸಾಲನ್ನು ಹಾಡಿಸಿ, ಬಳಿಕ ಕೇಳಿದವರು ಮಾತನಾಡಲು ಬಿಡಬೇಕು; ನಮ್ಮ ವಿದ್ಯಾರ್ಥಿಗಳು ಕೇಳುವವರಾಗಿ ಕುಳಿತಿರಬೇಕು. ಮಡಿದ ಪೊಲೀಸರ, ಅರಣ್ಯ ನೌಕರರ ಮನೆಯವರಿಗೂ, ಸೆರೆಯಿಂದ ಮರಳಿದವರ ಮನೆಯವರಿಗೂ ಸಮಾನ ಆಹ್ವಾನವಿರಬೇಕು. ಗೋಪಿನಾಥಂನಲ್ಲಿ ತಮಿಳಿಗೂ, ಬಿಳಿಗಿರಿರಂಗನ ಬೆಟ್ಟದ ಪೋಡುಗಳಲ್ಲಿ ಸೋಲಿಗರ ನುಡಿಗೂ ಅವರದೇ ಹಾಡುಗಳಿಗೂ ಎಡೆಯಿರಬೇಕು. ಮನೆಯವರ ಒಪ್ಪಿಗೆಯಿಲ್ಲದೆ ಯಾರ ಹೆಸರನ್ನೂ ಬರೆದುಕೊಳ್ಳಬಾರದು. ಮಾತನಾಡದೆ ಎದ್ದು ಹೋಗುವವರಿಗೆ ಆ ಹಕ್ಕೂ ಉಂಟು.

ಇದರಿಂದ ಹಳೆಯ ಗಾಯ ವಾಸಿಯಾಗುವುದೆಂದು ನಾನು ಹೇಳಲಾರೆ. ಆದರೆ ಆ ಕಾಲವನ್ನು ಕಂಡವರು ವೃದ್ಧರಾಗುತ್ತಿದ್ದಾರೆ. 2004ರ ಅನಂತರ ಹುಟ್ಟಿದವರು ಈಗ ನಮ್ಮ ತರಗತಿಗಳಲ್ಲಿದ್ದಾರೆ. ಈ ಕಾಲವನ್ನು ಅವರು ತೆರೆಯ ಮೇಲೆ ಮಾತ್ರ ಕಂಡರೆ ಅವರ ಪಾಲಿಗೆ ಉಳಿಯುವುದು ಬಂದೂಕು ಹಿಡಿದವನ ಮೀಸೆಯೊಂದೇ. ಅಜ್ಜಿ ಮಾತನಾಡಲು ಒಪ್ಪಿದರೆ ಅವಳ ಮಾತೂ ಉಳಿದೀತು.