ಆನ್‌ಲೈನ್ ಆಪ್ತಸಮಾಲೋಚನೆ: ಸೇವೆ ಆರಂಭಿಸುವ ವಿಧಾನ ಮತ್ತು ಶುಲ್ಕ ಪಾವತಿ (ಬೆಟ್ಟಂಪಾಡಿ ಹಾಗೂ ಸುತ್ತಲಿನ ಗ್ರಾಮಗಳ ನಾಗರಿಕರಿಗೆ ಮಾಹಿತಿ)

ಪೀಠಿಕೆ

ಶರೀರಕ್ಕೆ ಜ್ವರ ಬಂದಾಗ ವೈದ್ಯರನ್ನು ಕಾಣುವಂತೆಯೇ ಮನಸ್ಸು ಬಳಲಿದಾಗಲೂ ತಜ್ಞರ ನೆರವು ಪಡೆಯುವುದು ಅಗತ್ಯ. ಆದರೆ ಗ್ರಾಮೀಣ ಪ್ರದೇಶದಲ್ಲಿ ಈ ನೆರವಿಗೆ ಎರಡು ಅಡ್ಡಿಗಳಿವೆ. ಮೊದಲನೆಯದು ದೂರ. ಪುತ್ತೂರು ತಾಲೂಕಿನ ಬೆಟ್ಟಂಪಾಡಿಯು ಕೇರಳದ ಕಾಸರಗೋಡು ಜಿಲ್ಲೆಯ ಗಡಿಗೆ ಸಮೀಪದಲ್ಲಿದೆ. ಜಿಲ್ಲಾ ಕೇಂದ್ರವಾದ ಮಂಗಳೂರು ಪುತ್ತೂರಿನಿಂದಲೇ ಸುಮಾರು 50 ಕಿ.ಮೀ. ದೂರವಿದ್ದು, ತಜ್ಞರನ್ನು ಕಾಣಲು ಒಂದು ದಿನದ ಕೂಲಿ ಅಥವಾ ತರಗತಿಯನ್ನು ಬಿಡಬೇಕಾಗುತ್ತದೆ. ಎರಡನೆಯದು ಸಂಕೋಚ. ಎಲ್ಲರೂ ಎಲ್ಲರನ್ನೂ ಬಲ್ಲ ಊರಿನಲ್ಲಿ, ಮನೋವೈದ್ಯರ ಕೊಠಡಿಯ ಮುಂದೆ ಕುಳಿತಿದ್ದುದನ್ನು ಯಾರಾದರೂ ಕಂಡರೆ ಏನೆಂದುಕೊಳ್ಳುವರೋ ಎಂಬ ಅಂಜಿಕೆಯಿಂದ ಅನೇಕರು ತಿಂಗಳುಗಟ್ಟಲೆ ಸುಮ್ಮನಿರುತ್ತಾರೆ.

ದೂರವಾಣಿ ಮತ್ತು ಅಂತರ್ಜಾಲದ ಮೂಲಕ ದೊರೆಯುವ ಆಪ್ತಸಮಾಲೋಚನೆಯು ಈ ಎರಡೂ ಅಡ್ಡಿಗಳನ್ನು ಬಹುಮಟ್ಟಿಗೆ ನಿವಾರಿಸುತ್ತದೆ. ಈ ಸೇವೆಯನ್ನು ಹೇಗೆ ಆರಂಭಿಸಬೇಕು, ಯಾವುದು ಉಚಿತ, ಯಾವುದಕ್ಕೆ ಶುಲ್ಕ ನೀಡಬೇಕು, ಹಣ ಪಾವತಿಸುವಾಗ ವಹಿಸಬೇಕಾದ ಎಚ್ಚರಿಕೆಗಳೇನು ಎಂಬುದನ್ನು ಸಾರ್ವಜನಿಕರ ಅನುಕೂಲಕ್ಕಾಗಿ ಇಲ್ಲಿ ವಿವರಿಸಲಾಗಿದೆ.

1. ಯಾರು ಈ ಸೇವೆ ಪಡೆಯಬಹುದು?

ಮಾನಸಿಕ ಕಾಯಿಲೆ ಇದೆಯೆಂದು ವೈದ್ಯರು ಹೇಳಿದವರು ಮಾತ್ರ ಆಪ್ತಸಮಾಲೋಚನೆ ಪಡೆಯಬೇಕೆಂಬುದು ತಪ್ಪು ಕಲ್ಪನೆ. ಪರೀಕ್ಷೆಯ ಭಯದಿಂದ ನಿದ್ದೆಗೆಟ್ಟ ವಿದ್ಯಾರ್ಥಿ, ಕೊಳೆರೋಗದಿಂದ ಅಡಿಕೆ ಫಸಲು ಕಳೆದುಕೊಂಡು ಸಾಲದ ಚಿಂತೆಯಲ್ಲಿರುವ ಕೃಷಿಕ, ಹೆರಿಗೆಯ ನಂತರ ಕಾರಣವಿಲ್ಲದೆ ಅಳು ಬರುವ ತಾಯಿ, ಮಕ್ಕಳು ಪರವೂರಿನಲ್ಲಿದ್ದು ಒಂಟಿಯಾಗಿರುವ ವೃದ್ಧರು, ಮದ್ಯಪಾನ ಬಿಡಲು ಬಯಸುವವರು, ಅಂಥವರನ್ನು ನೋಡಿಕೊಂಡು ದಣಿದ ಮನೆಯವರು, ಎಲ್ಲರೂ ಈ ಸೇವೆಗೆ ಅರ್ಹರು. ಎರಡು ವಾರಗಳಿಗಿಂತ ಹೆಚ್ಚು ಕಾಲ ನಿದ್ದೆ, ಊಟ ಅಥವಾ ದಿನನಿತ್ಯದ ಕೆಲಸಕ್ಕೆ ತೊಂದರೆಯಾಗುತ್ತಿದ್ದಲ್ಲಿ ವಿಳಂಬ ಮಾಡಬಾರದು.

2. ಉಚಿತ ಸೇವೆಗಳು

(ಅ) ಟೆಲಿ ಮಾನಸ್

ಇದು ಕೇಂದ್ರ ಸರ್ಕಾರವು 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು ಆರಂಭಿಸಿದ ರಾಷ್ಟ್ರೀಯ ದೂರವಾಣಿ ಮಾನಸಿಕ ಆರೋಗ್ಯ ಕಾರ್ಯಕ್ರಮ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಇದರ ಉನ್ನತ ಕೇಂದ್ರವಾಗಿದೆ. ಸೇವೆಯು ದಿನದ 24 ಗಂಟೆಯೂ ಕನ್ನಡ ಸೇರಿದಂತೆ 20 ಭಾಷೆಗಳಲ್ಲಿ ಲಭ್ಯವಿದೆ.

ಸೇವೆ ಪಡೆಯುವ ಕ್ರಮ:

• ಯಾವುದೇ ದೂರವಾಣಿಯಿಂದ 14416 ಅಥವಾ 1800-89-14416 ಸಂಖ್ಯೆಗೆ ಕರೆ ಮಾಡಿ. ಕರೆಗೆ ಶುಲ್ಕವಿಲ್ಲ. ಸಾಧಾರಣ ಕೀಪ್ಯಾಡ್ ಮೊಬೈಲ್ ಸಾಕು, ಅಂತರ್ಜಾಲ ಸಂಪರ್ಕ ಬೇಕಿಲ್ಲ.
• ಧ್ವನಿ ಸೂಚನೆಯನ್ನು ಆಲಿಸಿ ಭಾಷೆಯನ್ನು ಆಯ್ಕೆ ಮಾಡಿ.
• ತರಬೇತಿ ಪಡೆದ ಆಪ್ತಸಮಾಲೋಚಕರು ಮೊದಲು ಮಾತನಾಡುತ್ತಾರೆ. ನಿಮ್ಮ ತೊಂದರೆಯನ್ನು ನಿಮ್ಮ ಮಾತಿನಲ್ಲಿಯೇ ಹೇಳಿ. ರೋಗದ ಹೆಸರು ತಿಳಿದಿರಬೇಕಾಗಿಲ್ಲ.
• ಹೆಚ್ಚಿನ ಚಿಕಿತ್ಸೆ ಅಗತ್ಯವೆನಿಸಿದಲ್ಲಿ ಮನೋವೈದ್ಯರೇ ಮೊದಲಾದ ತಜ್ಞರಿಗೆ ಕರೆಯನ್ನು ವರ್ಗಾಯಿಸಲಾಗುವುದು ಅಥವಾ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಲು ಸೂಚಿಸಲಾಗುವುದು.

2024ರ ಅಕ್ಟೋಬರ್ 10ರಂದು ಟೆಲಿ ಮಾನಸ್ ಮೊಬೈಲ್ ಆ್ಯಪ್ ಹಾಗೂ ವಿಡಿಯೋ ಸಮಾಲೋಚನೆಯನ್ನು ಆರಂಭಿಸಲಾಯಿತು. ವಿಡಿಯೋ ಸೌಲಭ್ಯವು ಮೊದಲ ಹಂತದಲ್ಲಿ ದೊರೆತ ರಾಜ್ಯಗಳಲ್ಲಿ ಕರ್ನಾಟಕವೂ ಒಂದು.

ಇದೇ ಸಂಖ್ಯೆಯು ದೇಶದಾದ್ಯಂತ ಅನ್ವಯಿಸುವುದರಿಂದ ಗಡಿಯಾಚೆ ಕಾಸರಗೋಡು ಜಿಲ್ಲೆಯಲ್ಲಿ ವಾಸಿಸುವ ಕನ್ನಡಿಗರೂ, ಅಲ್ಲಿಗೆ ಮದುವೆಯಾಗಿ ಹೋದ ಈ ಭಾಗದ ಹೆಣ್ಣುಮಕ್ಕಳೂ ಇದನ್ನು ಬಳಸಬಹುದು.

(ಆ) ಇ-ಸಂಜೀವಿನಿ

ಇದು ಅಂತರ್ಜಾಲದ ಮೂಲಕ ಸರ್ಕಾರಿ ವೈದ್ಯರನ್ನು ಕಾಣುವ ಉಚಿತ ವ್ಯವಸ್ಥೆ. ಮನೆಯಿಂದಲೇ ಬಳಸುವ ಹೊರರೋಗಿ ವಿಭಾಗವು 2020ರ ಏಪ್ರಿಲ್‌ನಲ್ಲಿ ಆರಂಭವಾಯಿತು. ಮೊಬೈಲ್ ಸಂಖ್ಯೆ ನೀಡಿ, ಅದಕ್ಕೆ ಬರುವ ಓಟಿಪಿ ನಮೂದಿಸಿ, ರೋಗಿಯ ವಿವರ ಭರ್ತಿ ಮಾಡಿ, ಲಭ್ಯವಿರುವ ಹೊರರೋಗಿ ವಿಭಾಗವನ್ನು ಆರಿಸಿಕೊಂಡರೆ ಟೋಕನ್ ದೊರೆಯುತ್ತದೆ. ಸರದಿ ಬಂದಾಗ ವಿಡಿಯೋ ಮೂಲಕ ವೈದ್ಯರೊಂದಿಗೆ ಮಾತನಾಡಬಹುದು. ವೈದ್ಯರ ಚೀಟಿಯು ವಿದ್ಯುನ್ಮಾನ ರೂಪದಲ್ಲಿ ಬರುತ್ತದೆ.

(ಇ) ನೇರ ಭೇಟಿ

ದೂರವಾಣಿಯಲ್ಲಿ ಮಾತನಾಡಿದ ನಂತರ ನೇರ ಪರೀಕ್ಷೆ ಬೇಕಾದಲ್ಲಿ ಪುತ್ತೂರಿನ ಸರ್ಕಾರಿ ತಾಲೂಕು ಆಸ್ಪತ್ರೆ ಹಾಗೂ ಮಂಗಳೂರಿನ ವೆನ್ಲಾಕ್ ಜಿಲ್ಲಾ ಆಸ್ಪತ್ರೆಯನ್ನು ಸಂಪರ್ಕಿಸಬಹುದು. ತಜ್ಞರು ಬರುವ ದಿನವನ್ನು ಮುಂಚಿತವಾಗಿ ವಿಚಾರಿಸಿಕೊಳ್ಳುವುದು ಒಳಿತು. ಇಂದು ದೇಶದಲ್ಲಿ ಜಾರಿಯಲ್ಲಿರುವ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದುದು ನಮ್ಮದೇ ರಾಜ್ಯದ ಬಳ್ಳಾರಿ ಜಿಲ್ಲೆ. ಅಲ್ಲಿ 1980ರ ದಶಕದಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗದ ಆಧಾರದ ಮೇಲೆ 1996ರಲ್ಲಿ ಈ ಕಾರ್ಯಕ್ರಮವನ್ನು ರೂಪಿಸಲಾಯಿತು.

ಗಮನಿಸಿ: ಟೆಲಿ ಮಾನಸ್ ಸೇವೆಗೆ ಅರ್ಜಿ ನಮೂನೆ ಇಲ್ಲ. ಯಾವುದೇ ಪ್ರಮಾಣಪತ್ರವನ್ನು ಸಲ್ಲಿಸಬೇಕಾಗಿಲ್ಲ. “ಟೆಲಿ ಮಾನಸ್ ನೋಂದಣಿ ಶುಲ್ಕ” ಎಂದು ಯಾರಾದರೂ ಹಣ ಕೇಳಿದಲ್ಲಿ ಅದು ವಂಚನೆ ಎಂದು ತಿಳಿಯಬೇಕು.

3. ಶುಲ್ಕ ಸಹಿತ ಖಾಸಗಿ ಸೇವೆಗಳು

ಒಬ್ಬರೇ ಸಮಾಲೋಚಕರೊಂದಿಗೆ ಹಲವು ವಾರ ಮಾತನಾಡಬೇಕೆಂದು ಬಯಸುವವರು ಖಾಸಗಿ ತಜ್ಞರನ್ನು ಆಯ್ಕೆ ಮಾಡಿಕೊಳ್ಳುವುದುಂಟು. ಹಣ ನೀಡುವ ಮೊದಲು ತಜ್ಞರ ಅರ್ಹತೆಯನ್ನು ತಿಳಿದುಕೊಳ್ಳತಕ್ಕದ್ದು.

• ಮನೋವೈದ್ಯರು ವೈದ್ಯಕೀಯ ಪದವೀಧರರು. ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಹೊಂದಿರುತ್ತಾರೆ. ಔಷಧಿ ಬರೆದುಕೊಡಬಲ್ಲರು.
• ಕ್ಲಿನಿಕಲ್ ಸೈಕಾಲಜಿಸ್ಟರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿಯಾಗಿರಬೇಕು. ಮಾತಿನ ಚಿಕಿತ್ಸೆ ಮತ್ತು ಮಾನಸಿಕ ಪರೀಕ್ಷೆಗಳನ್ನು ನಡೆಸುತ್ತಾರೆ. ಔಷಧಿ ಬರೆಯುವುದಿಲ್ಲ.
• ಆಪ್ತಸಮಾಲೋಚಕರು ಎಂಬ ಹೆಸರನ್ನು ಬೇರೆ ಬೇರೆ ಮಟ್ಟದ ತರಬೇತಿ ಪಡೆದವರು ಬಳಸುತ್ತಾರೆ. ಆದ್ದರಿಂದ ಅವರ ವಿದ್ಯಾರ್ಹತೆ ಮತ್ತು ಅನುಭವವನ್ನು ಕೇಳಿ ತಿಳಿಯಬೇಕು. ಔಷಧಿ ಬರೆಯಲು ಇವರಿಗೆ ಅಧಿಕಾರವಿಲ್ಲ.

2020ರ ಮಾರ್ಚ್ 25ರಂದು ಹೊರಡಿಸಲಾದ ಟೆಲಿಮೆಡಿಸಿನ್ ಮಾರ್ಗಸೂಚಿಗಳ ಪ್ರಕಾರ ವೈದ್ಯರು ದೂರಸಂಪರ್ಕದ ಮೂಲಕ ನೀಡುವ ಸಲಹೆಗೆ ಸೂಕ್ತ ಶುಲ್ಕ ಪಡೆಯಬಹುದು. ಆದರೆ ಅದಕ್ಕೆ ರಸೀದಿ ನೀಡಬೇಕು ಮತ್ತು ರಸೀದಿಯಲ್ಲಿ ನೋಂದಣಿ ಸಂಖ್ಯೆ ಕಾಣಿಸಬೇಕು. ದೂರಸಮಾಲೋಚನೆಯನ್ನು ನಿಲ್ಲಿಸಿ ನೇರ ಭೇಟಿಗೆ ಬರುವ ಹಕ್ಕು ಯಾವುದೇ ಹಂತದಲ್ಲಿ ರೋಗಿಗೆ ಇದೆ. ಅಪ್ರಾಪ್ತ ವಯಸ್ಕರು ಗುರುತು ದೃಢಪಟ್ಟ ವಯಸ್ಕರೊಬ್ಬರ ಜೊತೆಯಲ್ಲಿ ಮಾತ್ರ ವೈದ್ಯರ ದೂರಸಲಹೆ ಪಡೆಯಬಹುದು.

4. ಶುಲ್ಕ ಪಾವತಿಗೆ ಮೊದಲು ಕೇಳಬೇಕಾದ ಪ್ರಶ್ನೆಗಳು

1) ಒಂದು ಬಾರಿಯ ಸಮಾಲೋಚನೆಗೆ ಶುಲ್ಕವೆಷ್ಟು, ಅದು ಎಷ್ಟು ನಿಮಿಷ ನಡೆಯುತ್ತದೆ?
2) ಅಂದಾಜು ಎಷ್ಟು ಬಾರಿ ಮಾತನಾಡಬೇಕಾಗಬಹುದು?
3) ನೆಟ್‌ವರ್ಕ್ ಕಡಿತಗೊಂಡು ಮಾತು ಅರ್ಧಕ್ಕೆ ನಿಂತರೆ ಉಳಿದ ಸಮಯ ಪುನಃ ದೊರೆಯುತ್ತದೆಯೇ?
4) ಬರಲಾಗದಿದ್ದಲ್ಲಿ ಎಷ್ಟು ಗಂಟೆ ಮೊದಲು ತಿಳಿಸಬೇಕು, ಹಣ ಹಿಂದಿರುಗಿಸುತ್ತಾರೆಯೇ?
5) ವಿದ್ಯಾರ್ಥಿಗಳಿಗೆ ಅಥವಾ ಕಡಿಮೆ ಆದಾಯದವರಿಗೆ ರಿಯಾಯಿತಿ ಇದೆಯೇ?

ಎರಡನೆಯ ಪ್ರಶ್ನೆ ಬಹು ಮುಖ್ಯವಾದುದು. ಉದಾಹರಣೆಗೆ, ಒಂದು ಬಾರಿಗೆ ರೂ. 500 ಎಂದಿಟ್ಟುಕೊಂಡರೆ ವಾರಕ್ಕೊಮ್ಮೆಯಂತೆ 8 ವಾರಗಳಿಗೆ ರೂ. 4,000 ಆಗುತ್ತದೆ. ಮೂರನೆಯ ವಾರಕ್ಕೆ ಹಣ ಸಾಲದೆ ನಿಲ್ಲಿಸುವುದಕ್ಕಿಂತ, ಆರಂಭದಲ್ಲಿಯೇ ಇದನ್ನು ಲೆಕ್ಕ ಹಾಕಿ ಉಚಿತ ಸೇವೆಯಿಂದ ತೊಡಗುವುದು ಅಥವಾ ಎರಡು ವಾರಕ್ಕೊಮ್ಮೆ ಮಾತನಾಡಲು ಒಪ್ಪಿಕೊಳ್ಳುವುದು ಲೇಸು. ಹಲವು ಬಾರಿಯ ಹಣವನ್ನು ಒಟ್ಟಿಗೆ ಮುಂಗಡ ನೀಡುವಂತೆ ಒತ್ತಾಯಿಸಿದಲ್ಲಿ, ಮೊದಲ ಸಮಾಲೋಚನೆಗೆ ಮಾತ್ರ ಪಾವತಿಸಿ ನೋಡುವುದು ಸೂಕ್ತ.

5. ಪಾವತಿಸುವಾಗ ಎಚ್ಚರಿಕೆಗಳು

• ಯುಪಿಐ ಮೂಲಕ ಪಾವತಿಸುವಾಗ ಪರದೆಯಲ್ಲಿ ಕಾಣುವ ಹೆಸರು ತಜ್ಞರ ಅಥವಾ ಸಂಸ್ಥೆಯ ಹೆಸರಿಗೆ ಹೊಂದುತ್ತದೆಯೇ ಎಂದು ನೋಡಿದ ನಂತರವೇ ಪಿನ್ ನಮೂದಿಸಿ.
• ಹಣ ಪಡೆಯಲು ಪಿನ್ ಬೇಕಾಗಿಲ್ಲ. “ನಿಮ್ಮ ಹಣ ವಾಪಸು ಬರಲು ಪಿನ್ ಹಾಕಿ” ಎಂದು ಯಾರೇ ಹೇಳಿದರೂ ನಂಬಬಾರದು.
• ಓಟಿಪಿ, ಪಿನ್, ಕಾರ್ಡಿನ ಹಿಂಬದಿಯ ಸಂಖ್ಯೆಯನ್ನು ಸಮಾಲೋಚಕರಿಗೂ ತಿಳಿಸಬಾರದು. ನಿಜವಾದ ತಜ್ಞರು ಇವನ್ನು ಕೇಳುವುದಿಲ್ಲ.
• ಸ್ವಂತ ಬ್ಯಾಂಕ್ ಖಾತೆ ಇಲ್ಲದವರು ಪರರ ಮೊಬೈಲ್‌ನಿಂದ ಪಾವತಿಸಿದರೆ, ಪಾವತಿಯ ವಿವರ ಅವರ ಮೊಬೈಲ್‌ನಲ್ಲಿ ಉಳಿಯುತ್ತದೆ ಎಂಬುದು ತಿಳಿದಿರಲಿ.
• ರಸೀದಿ ಮತ್ತು ವಹಿವಾಟು ಸಂಖ್ಯೆಯನ್ನು ಜೋಪಾನವಾಗಿ ಇರಿಸಿಕೊಳ್ಳಿ.

ಹಣ ವಂಚನೆಗೊಳಗಾದಲ್ಲಿ ತಡಮಾಡದೆ ಬ್ಯಾಂಕಿಗೆ ತಿಳಿಸಿ, ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಪಡೆದು ಸೇವೆ ನೀಡದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ಸಲ್ಲಿಸಬಹುದು.

6. ಮೊದಲ ಸಮಾಲೋಚನೆಗೆ ಸಿದ್ಧತೆ

ನೆಟ್‌ವರ್ಕ್ ಸರಿಯಾಗಿ ದೊರೆಯುವ ಮತ್ತು ಬೇರೆಯವರಿಗೆ ಮಾತು ಕೇಳಿಸದ ಸ್ಥಳವನ್ನು ಮೊದಲೇ ಗುರುತಿಸಿಕೊಳ್ಳಿ. ಗುಡ್ಡದ ಇಳಿಜಾರಿನ ಮನೆಗಳಲ್ಲಿ ವಿಡಿಯೋ ಕಡಿತಗೊಳ್ಳುವ ಸಂಭವವಿರುವುದರಿಂದ, ಅಂಥ ಸಂದರ್ಭದಲ್ಲಿ ಧ್ವನಿಕರೆಯಲ್ಲಿ ಮುಂದುವರಿಯುವ ಬಗ್ಗೆ ಆರಂಭದಲ್ಲಿಯೇ ಮಾತನಾಡಿಕೊಳ್ಳಿ. ಮನೆಯಲ್ಲಿ ಏಕಾಂತ ಇಲ್ಲದವರು ತೋಟದ ಬದಿಯಲ್ಲಿ ಅಥವಾ ಕಾಲೇಜಿನ ಖಾಲಿ ಕೊಠಡಿಯಲ್ಲಿ ಕುಳಿತು ಮಾತನಾಡಬಹುದು. ಈಗ ಸೇವಿಸುತ್ತಿರುವ ಔಷಧಿಗಳ ಹೆಸರನ್ನು ಬರೆದಿಟ್ಟುಕೊಳ್ಳಿ. ಮೊದಲ ಮಾತಿನಲ್ಲಿಯೇ ಎಲ್ಲವನ್ನೂ ಹೇಳಬೇಕೆಂದಿಲ್ಲ. ಸಮಾಲೋಚಕರ ಮಾತಿನ ರೀತಿ ಹೊಂದದಿದ್ದಲ್ಲಿ ಬೇರೊಬ್ಬರನ್ನು ಕೇಳುವುದು ತಪ್ಪಲ್ಲ.

7. ನಿಮ್ಮ ಹಕ್ಕುಗಳು

2018ರ ಮೇ 29ರಿಂದ ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮ, 2017 ನಾಗರಿಕರಿಗೆ ಈ ಮುಂದಿನ ಹಕ್ಕುಗಳನ್ನು ನೀಡಿದೆ:

• ಸರ್ಕಾರ ನಡೆಸುವ ಅಥವಾ ಅನುದಾನ ನೀಡುವ ಸೇವೆಗಳಿಂದ ಮಾನಸಿಕ ಆರೋಗ್ಯ ಆರೈಕೆ ಪಡೆಯುವ ಹಕ್ಕು. ಬಡತನ ರೇಖೆಗಿಂತ ಕೆಳಗಿರುವವರಿಗೆ, ಬಿಪಿಎಲ್ ಕಾರ್ಡ್ ಇರಲಿ ಇಲ್ಲದಿರಲಿ, ಇಂಥ ಸಂಸ್ಥೆಗಳಲ್ಲಿ ಚಿಕಿತ್ಸೆ ಉಚಿತ (ಕಲಂ 18).
• ವಿಮಾ ಸಂಸ್ಥೆಗಳು ಶಾರೀರಿಕ ಕಾಯಿಲೆಗೆ ಇರುವಂತೆಯೇ ಮಾನಸಿಕ ಕಾಯಿಲೆಯ ಚಿಕಿತ್ಸೆಗೂ ವಿಮೆ ಒದಗಿಸಬೇಕು (ಕಲಂ 21).
• ಚಿಕಿತ್ಸೆಯ ವಿವರಗಳ ಗೋಪ್ಯತೆ. ಪ್ರಾಣಾಪಾಯ ತಪ್ಪಿಸುವುದೇ ಮೊದಲಾದ ಕಾನೂನು ಹೇಳಿದ ಸಂದರ್ಭಗಳನ್ನು ಬಿಟ್ಟು ಅವನ್ನು ಹೊರಗೆಡಹುವಂತಿಲ್ಲ (ಕಲಂ 23).
• ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದು ಪರಿಗಣಿಸಿ, ಅವರಿಗೆ ಆರೈಕೆ ಒದಗಿಸುವುದು ಸರ್ಕಾರದ ಕರ್ತವ್ಯ (ಕಲಂ 115). ಆದುದರಿಂದ ಪೊಲೀಸು, ಕೇಸು ಎಂಬ ಭಯದಿಂದ ಅಂಥ ವಿಷಯವನ್ನು ವೈದ್ಯರಿಂದ ಮರೆಮಾಚಬಾರದು.

8. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ನಾನು ಕರೆ ಮಾಡಿದ ವಿಷಯ ಮನೆಯವರಿಗೆ ಅಥವಾ ಕಾಲೇಜಿಗೆ ತಿಳಿಯುತ್ತದೆಯೇ?
ಉತ್ತರ: ನಿಮ್ಮ ಮಾತುಗಳು ಗೋಪ್ಯವಾಗಿರತಕ್ಕವು. ನಿಮ್ಮ ಅಥವಾ ಬೇರೆಯವರ ಪ್ರಾಣಕ್ಕೆ ಅಪಾಯವಿದ್ದಲ್ಲಿ ಮಾತ್ರ, ರಕ್ಷಣೆಗೆ ಅಗತ್ಯವಾದಷ್ಟನ್ನು ತಿಳಿಸಬೇಕಾಗಬಹುದು. ಯಾವ ಸಂದರ್ಭದಲ್ಲಿ ತಿಳಿಸುತ್ತಾರೆ ಎಂಬುದನ್ನು ಮಾತಿನ ಆರಂಭದಲ್ಲಿಯೇ ಕೇಳಿ ತಿಳಿದುಕೊಳ್ಳಬಹುದು.

ಪ್ರಶ್ನೆ: ಮನೆಯ ಸದಸ್ಯರೊಬ್ಬರು ಮಾತನಾಡಲು ಒಪ್ಪುತ್ತಿಲ್ಲ. ಅವರ ಪರವಾಗಿ ನಾನು ಕರೆ ಮಾಡಬಹುದೇ?
ಉತ್ತರ: ಮಾಡಬಹುದು. ಅವರೊಂದಿಗೆ ಹೇಗೆ ನಡೆದುಕೊಳ್ಳಬೇಕು, ಹೇಗೆ ಮನವೊಲಿಸಬೇಕು ಎಂಬ ಸಲಹೆ ದೊರೆಯುತ್ತದೆ.

ಪ್ರಶ್ನೆ: ಸಮಾಲೋಚನೆ ಆರಂಭವಾದ ಮೇಲೆ ಔಷಧಿ ನಿಲ್ಲಿಸಬಹುದೇ?
ಉತ್ತರ: ಇಲ್ಲ. ಔಷಧಿ ಬರೆದುಕೊಟ್ಟ ವೈದ್ಯರ ಸಲಹೆಯಿಲ್ಲದೆ ನಿಲ್ಲಿಸಬಾರದು.

9. ತುರ್ತು ಸಂದರ್ಭ

ಬದುಕುವುದೇ ಬೇಡವೆಂಬ ಆಲೋಚನೆ ನಿಮಗೆ ಬರುತ್ತಿದ್ದಲ್ಲಿ ಅಥವಾ ಬೇರೆ ಯಾರಾದರೂ ಹಾಗೆ ಹೇಳಿದಲ್ಲಿ ಶುಲ್ಕ, ಸಮಯ, ಟೋಕನ್ ಎಂದು ಕಾಯಬಾರದು. ಕೂಡಲೇ 14416ಕ್ಕೆ ಕರೆ ಮಾಡಿ. ಪ್ರಾಣಾಪಾಯವಿದ್ದಲ್ಲಿ ಆಂಬುಲೆನ್ಸ್‌ಗೆ 108 ಅಥವಾ ತುರ್ತು ಸಹಾಯಕ್ಕೆ 112ಕ್ಕೆ ಕರೆ ಮಾಡಿ. ಅಂಥವರನ್ನು ಒಂಟಿಯಾಗಿ ಬಿಡಬೇಡಿ. ತೋಟಕ್ಕೆ ಬಳಸುವ ಕೀಟನಾಶಕ, ಕಳೆನಾಶಕಗಳನ್ನು ಬೀಗ ಹಾಕಿ ಇಡಿ. ಸಂಕಷ್ಟದಲ್ಲಿರುವ ಮಕ್ಕಳಿಗಾಗಿ 1098, ಮಹಿಳೆಯರಿಗಾಗಿ 181, ಹಿರಿಯ ನಾಗರಿಕರಿಗಾಗಿ 14567 ಸಹಾಯವಾಣಿಗಳೂ ಇವೆ.

ಹಣವಿಲ್ಲವೆಂಬ ಕಾರಣಕ್ಕಾಗಲಿ, ಊರಿನವರಿಗೆ ತಿಳಿಯುವುದೆಂಬ ಅಂಜಿಕೆಯಿಂದಾಗಲಿ ಯಾರೂ ನೆರವಿನಿಂದ ವಂಚಿತರಾಗಬಾರದು. ನಾಗರಿಕರು ಈ ಮಾಹಿತಿಯನ್ನು ತಮ್ಮ ನೆರೆಹೊರೆಯವರಿಗೂ ತಿಳಿಸಿ, 14416 ಸಂಖ್ಯೆಯನ್ನು ಮನೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟುಕೊಳ್ಳಬೇಕಾಗಿ ಕೋರಲಾಗಿದೆ.