ಕಳೆ ಯಂತ್ರ: ಪೆಟ್ರೋಲೋ, ಡೀಸೆಲೋ?

ಮೊಗುಡಂಪಲ್ಲಿಯ ಕಡೆ ಕಬ್ಬು, ತೊಗರಿಯ ಸಾಲುಗಳಲ್ಲಿ ಕಳೆ ತೆಗೆಯಲು ಸಾಲ ಮಾಡಿ ಸಣ್ಣ ಯಂತ್ರ ಕೊಳ್ಳುವ ರೈತ ಬಾಂಧವರು ಮೊದಲು ಒಂದು ಲೆಕ್ಕ ಹಾಕಬೇಕು: ವರ್ಷಕ್ಕೆ ಅದು ಎಷ್ಟು ತಾಸು ದುಡಿಯುವುದು? ಯಂತ್ರ ನಿಂತರೂ ಬಡ್ಡಿ ನಿಲ್ಲದು.

ಪೆಟ್ರೋಲ್ ಎಂಜಿನ್ನಿನಲ್ಲಿ ಇಂಧನ ಹೊತ್ತುವುದು ಕಿಡಿಯಿಂದ. ಅದು ಹಗುರ, ಬೆಲೆ ಕಡಿಮೆ. ಸಾಲಿನ ಕೊನೆಯಲ್ಲಿ ತಿರುಗಿಸುವುದು ಸುಲಭ. ಡೀಸೆಲ್ ಎಂಜಿನ್ನಿನಲ್ಲಿ ಗಾಳಿಯನ್ನು ಬಿಗಿಯಾಗಿ ಒತ್ತಿದಾಗ ಹುಟ್ಟುವ ಕಾವಿನಿಂದಲೇ ಎಣ್ಣೆ ಹೊತ್ತುತ್ತದೆ. ಆ ಒತ್ತಡ ತಾಳಲು ಭಾಗಗಳು ಗಟ್ಟಿಯಾಗಿರಬೇಕು; ಆದ್ದರಿಂದ ತೂಕವೂ ಬೆಲೆಯೂ ಹೆಚ್ಚು. ಆದರೆ ಅಷ್ಟೇ ಕೆಲಸಕ್ಕೆ ಕಡಿಮೆ ಎಣ್ಣೆ ಸಾಕು.

ಎರಡು ಮೂರು ಎಕರೆಯಲ್ಲಿ ಕೆಲವೇ ದಿನ ಎಡೆ ಹೊಡೆಯುವವರಿಗೆ ಪೆಟ್ರೋಲ್ ಲೇಸು. ದಿನವಿಡೀ ಎರೆಮಣ್ಣು ಉತ್ತು, ಬಾಡಿಗೆಗೂ ದುಡಿಸುವವರಿಗೆ ಡೀಸೆಲ್ ಲೇಸು.

ಹಂಗಾಮು ಮುಗಿದೊಡನೆ ಪೆಟ್ರೋಲ್ ಟಾಕಿಯನ್ನು ಬರಿದು ಮಾಡಿರಿ. ತಿಂಗಳುಗಟ್ಟಲೆ ನಿಂತ ಪೆಟ್ರೋಲ್ ಅಂಟಾಗಿ ಕಾರ್ಬುರೇಟರ್ ಕಟ್ಟಿಕೊಳ್ಳುತ್ತದೆ. ಡೀಸೆಲನ್ನು ಸೋಸಿಯೇ ಹಾಕಿರಿ.