ಹಣ್ಣೆಲೆಗೊಂದು ಫಿಲ್ಮ್, ಚಿಗುರೆಲೆಗೊಂದು ಫಿಲ್ಮ್

ಎಲೆಗಳ ಬಣ್ಣವನ್ನು ಕ್ಯಾಮೆರಾದಲ್ಲಿ ಹಿಡಿಯಬೇಕಾದರೆ ಕಾಶ್ಮೀರದ ಚಿನಾರ್ ಮರಗಳನ್ನೋ ಅಮೆರಿಕದ ಮೇಪಲ್ ಕಾಡುಗಳನ್ನೋ ಹುಡುಕಿಕೊಂಡು ಹೋಗಬೇಕೆಂದು ನೀವು ಭಾವಿಸಿರಬಹುದು. ಆ ಸೀಮೆಗಳಲ್ಲಿ ಎಲೆ ಕೆಂಪೇರುವುದು ಅಕ್ಟೋಬರ್ ಹೊತ್ತಿಗೆ, ಚಳಿ ಶುರುವಾಗುವಾಗ. ನಮ್ಮ ಬಯಲುಸೀಮೆಯ ಲೆಕ್ಕವೇ ಬೇರೆ. ಹೊಸಕೋಟೆ ತಾಲ್ಲೂಕಿನ ಅನುಗೊಂಡನಹಳ್ಳಿಯ ಕಡೆ ಎಲೆ ಬಣ್ಣ ಬದಲಿಸುವುದು ಚಳಿ ಮುಗಿಯುವಾಗ, ಶಿವರಾತ್ರಿಗೂ ಯುಗಾದಿಗೂ ನಡುವೆ. ಅರಳಿ, ಹೊಂಗೆ, ಬೇವು ಒಂದರ ಹಿಂದೊಂದು ಹಳೆಯ ಎಲೆ ಕಳಚಿ ಹೊಸದನ್ನು ತೊಡುತ್ತವೆ. ಹಣ್ಣೆಲೆ ಉದುರುವಾಗ ಚಿಗುರೆಲೆ ನಗುತ್ತದೆ ಎಂಬ ಗಾದೆ ಇಲ್ಲಿ ಕಣ್ಣೆದುರಿಗೇ ನಡೆಯುತ್ತದೆ.

ಈ ಎರಡು ಎಲೆಗಳ ಬಣ್ಣಕ್ಕೆ ಕಾರಣಗಳೂ ಎರಡು. ಹಣ್ಣೆಲೆಯಲ್ಲಿ ಹಸಿರು ವಸ್ತು ಕರಗಿಹೋಗಿ, ಅಷ್ಟು ದಿನ ಅದರಡಿ ಅಡಗಿದ್ದ ಹಳದಿ ಹೊರಗೆ ಕಾಣುತ್ತದೆ. ಅರಳಿ, ಮಾವುಗಳ ಎಳೆಯ ಎಲೆಯಲ್ಲಿ ಹಸಿರು ತುಂಬುವ ಮೊದಲು ತಾಮ್ರದ ಕೆಂಪು ಇರುತ್ತದೆ. ಈ ಕೆಂಪು ಎಳೆಯ ಎಲೆಯನ್ನು ಬಿರುಬಿಸಿಲಿನಿಂದ ಕಾಪಾಡುವಲ್ಲಿ ನೆರವಾಗುತ್ತದೆ. ಅದು ಕೆಲವೇ ದಿನಗಳ ಸೊಬಗು. ಆದ್ದರಿಂದ ಫಿಲ್ಮ್ ಆರಿಸುವ ಮೊದಲು ನೀವು ಕೇಳಿಕೊಳ್ಳಬೇಕಾದ ಪ್ರಶ್ನೆ, ಯಾವ ಫಿಲ್ಮ್ ಹೆಚ್ಚು ಕೆಂಪು ಕೊಡುತ್ತದೆ ಎಂಬುದಲ್ಲ. ನನ್ನ ಎಲೆ ಎಂಥ ಬೆಳಕಿನಲ್ಲಿದೆ ಎಂಬುದು.

ಬಣ್ಣದ ಫಿಲ್ಮಿನಲ್ಲಿ ಮುಖ್ಯವಾಗಿ ಎರಡು ಜಾತಿ: ನೆಗೆಟಿವ್ ಮತ್ತು ಸ್ಲೈಡ್. ನೆಗೆಟಿವ್ ಉದಾರಿ. ಬೆಳಕು ಎರಡು ಸ್ಟಾಪ್ ಹೆಚ್ಚಾದರೂ ಸಹಿಸಿಕೊಳ್ಳುತ್ತದೆ. ಸ್ಲೈಡ್ ಕಟ್ಟುನಿಟ್ಟಿನದು. ಅರ್ಧ ಸ್ಟಾಪ್ ತಪ್ಪಿದರೂ ಚಿತ್ರದಲ್ಲಿ ಗೊತ್ತಾಗುತ್ತದೆ. ಆದರೆ ಸರಿಯಾಗಿ ತೆಗೆದ ಸ್ಲೈಡಿನ ಬಣ್ಣದ ಕಾಂತಿಯೇ ಬೇರೆ.

ಅರಳಿಕಟ್ಟೆಯ ಎದುರು ನಿಂತಿದ್ದೀರಿ ಎಂದುಕೊಳ್ಳಿ. ಕಟ್ಟೆಯ ಮೇಲೆ ನೆರಳು, ನೆರಳಿನಲ್ಲಿ ಉದುರಿದ ಹಳದಿ ಎಲೆ, ಹಿಂದೆ ಸುಡುವ ಬಿಸಿಲು. ಇವೆಲ್ಲ ಒಂದೇ ಚಿತ್ರದಲ್ಲಿ ಬೇಕಾದರೆ ನೆಗೆಟಿವ್ ಫಿಲ್ಮೇ ಸರಿ. ಕೊಡಾಕ್ ಗೋಲ್ಡ್ 200 ಹಳದಿಗೆ ಬೆಚ್ಚನೆಯ ಛಾಯೆ ಕೊಡುತ್ತದೆ. ಎಕ್ಟಾರ್ 100 ಇನ್ನೂ ನಯವಾದದ್ದು, ಬಣ್ಣವೂ ಗಾಢ. ಬೆಳಕನ್ನು ನೆರಳಿನ ಭಾಗಕ್ಕೆ ಅಳೆಯಿರಿ.

ಈಗ ತಲೆಯೆತ್ತಿ ನೋಡಿ. ಬೆಳಗಿನ ಬಿಸಿಲು ಹಿಂದಿನಿಂದ ಬಿದ್ದು ಅರಳಿಯ ಚಿಗುರು ದೀಪದಂತೆ ಬೆಳಗುತ್ತಿದೆ. ಚೌಕಟ್ಟಿನಲ್ಲಿ ಆ ಚಿಗುರಷ್ಟೇ ಸಾಕೆಂದರೆ ಸ್ಲೈಡ್ ಹಾಕಿ. 1990ರಲ್ಲಿ ಬಂದ ಫ್ಯೂಜಿಯ ವೆಲ್ವಿಯಾ ಗಾಢ ಬಣ್ಣಕ್ಕೆ ಹೆಸರಾಯಿತು. ಆದರೆ ಮರದಡಿ ಕುಳಿತ ಅಜ್ಜನ ಮುಖವನ್ನೂ ಅದು ಕೆಂಪಾಗಿಸೀತು! ಮನುಷ್ಯರೂ ಚಿತ್ರದಲ್ಲಿದ್ದರೆ 2018ರಲ್ಲಿ ಮರಳಿ ಬಂದ ಎಕ್ಟಾಕ್ರೋಮ್ ಇ100 ಮೇಲು. ಸ್ಲೈಡಿಗೆ ಬೆಳಕನ್ನು ಹೊಳೆಯುವ ಎಲೆಗೇ ಅಳೆಯಬೇಕು. ಸುತ್ತಲ ನೆರಳು ಕಪ್ಪಾದರೆ ಆಗಲಿ.

ಹೊಂಗೆಯ ಹೊಸ ಎಲೆಗೆ ಎಣ್ಣೆ ಸವರಿದಂಥ ಹೊಳಪು. ಆ ಹೊಳಪು ಬಿಳಿಯಾಗಿ ಮೂಡಿ ಹಸಿರನ್ನು ಮುಚ್ಚುತ್ತದೆ. ಪೋಲರೈಸರ್ ಎಂಬ ಫಿಲ್ಟರನ್ನು ಲೆನ್ಸಿನ ಮುಂದೆ ಮೆಲ್ಲಗೆ ತಿರುಗಿಸಿ, ಹೊಳಪು ಇಳಿದು ಬಣ್ಣ ಏಳುವುದನ್ನು ಕಾಣುವಿರಿ. ಒಂದೂವರೆಯಿಂದ ಎರಡು ಸ್ಟಾಪ್ ಬೆಳಕು ಅದಕ್ಕೆ ಹೋಗುತ್ತದೆ. ಹಾಗಾಗಿ ಟ್ರೈಪಾಡ್ ಜೊತೆಗಿರಲಿ, ಗಾಳಿ ನಿಲ್ಲುವವರೆಗೆ ತಾಳ್ಮೆಯೂ ಇರಲಿ.

ರೋಲು ಕೊಳ್ಳುವ ಮೊದಲೇ ಅದನ್ನು ಎಲ್ಲಿ ತೊಳೆಸುವಿರೆಂದು ವಿಚಾರಿಸಿಕೊಳ್ಳಿ. ಬಣ್ಣದ ನೆಗೆಟಿವಿಗೆ ಸಿ-41, ಸ್ಲೈಡಿಗೆ ಇ-6 ಎಂಬ ಬೇರೆ ಬೇರೆ ರಾಸಾಯನಿಕ ಕ್ರಮಗಳಿವೆ. ಬೀರುವಿನಲ್ಲಿ ಹಳೆಯ ಕೊಡಾಕ್ರೋಮ್ ರೋಲು ಸಿಕ್ಕಿತೆಂದು ಹಿಗ್ಗಿ ಅದನ್ನೇ ಹಾಕಬೇಡಿ. ಅದರ ತಯಾರಿಕೆ 2009ರಲ್ಲಿ ನಿಂತಿತು. ಅದನ್ನು ಬಣ್ಣದಲ್ಲಿ ತೊಳೆಯುತ್ತಿದ್ದ ಕೊನೆಯ ಲ್ಯಾಬ್ ಕೂಡ 2010ರ ಕೊನೆಗೆ ಆ ಕೆಲಸ ನಿಲ್ಲಿಸಿತು. ಹೊಸ ರೋಲನ್ನು ಫ್ರಿಜ್‌ನಲ್ಲಿಟ್ಟಿದ್ದರೆ ಕೆಲವು ಗಂಟೆ ಮೊದಲೇ ಹೊರತೆಗೆದು, ತಂಪು ಆರಿದ ಮೇಲೆ ಡಬ್ಬಿ ತೆರೆಯಿರಿ. ಇಲ್ಲದಿದ್ದರೆ ಫಿಲ್ಮಿನ ಮೇಲೆ ತೇವ ಕೂರುತ್ತದೆ. ಫೆಬ್ರವರಿ, ಮಾರ್ಚ್ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗಂತೂ ಕ್ಯಾಮೆರಾ ಬಿಡಲೇಬೇಡಿ.

ಒಂದು ರೋಲಿನಲ್ಲಿರುವುದು ಮೂವತ್ತಾರೇ ಚಿತ್ರ. ಫಿಲ್ಮಿನ ಬೆಲೆಯೂ ಕಡಿಮೆಯಲ್ಲ. ಅದಕ್ಕೇ ಮೊದಲ ದಿನ ಕ್ಯಾಮೆರಾ ಇಲ್ಲದೆ ಹೋಗಿ, ಬಿಸಿಲು ಯಾವ ಹೊತ್ತಿಗೆ ಯಾವ ಕೊಂಬೆಗೆ ಬೀಳುತ್ತದೆಂದು ನೋಡಿಕೊಂಡು ಬನ್ನಿ. ಮರುದಿನ ಅದಕ್ಕೆ ತಕ್ಕ ಫಿಲ್ಮ್ ಹಾಕಿಕೊಂಡು ಹೊರಡಿ. ಆದರೆ ಮುಂದಿನ ವರ್ಷ ನೋಡೋಣವೆಂದು ಬಿಡಬೇಡಿ. ರಸ್ತೆ ಅಗಲವಾಗುವಾಗ ಕೊಡಲಿ ಬೀಳುವುದು ರಸ್ತೆ ಬದಿಯ ಮರಕ್ಕೇ. ಚಿಗುರು ಮತ್ತೆ ಬಂದೀತು, ಆ ಮರ ಅಲ್ಲಿದ್ದರೆ ಮಾತ್ರ.